ಕಾಯಬಲ್ಲ ನೀಲಾಂಬಿಕಾ, ಕಾಯಲೊಲ್ಲದ ಯಂತ್ರ

ಬಸವೇಶ್ವರನಗರದ ಆ ಮನೆಯ ಮುಂದಿನ ಕೋಣೆಯಲ್ಲಿ ಇನ್ನೂ ಟ್ಯೂಬ್‌ಲೈಟ್ ಉರಿಯುತ್ತಿದೆ. ಮಂಚದ ಅಂಚಿನಲ್ಲಿ ಕೂರಿಸಿದ ಪುರುಷೋತ್ತಮ ಮೇಷ್ಟ್ರ ಬೆನ್ನಿಗೆ ಒಂದು ಕೈ ಆನಿಸಿ, ಇನ್ನೊಂದರಲ್ಲಿ ಒದ್ದೆ ಟವೆಲ್ ಹಿಡಿದು ನೀಲಾಂಬಿಕಾ ನಿಂತಿದ್ದಾರೆ. ಮೇಷ್ಟ್ರು ಏನೋ ಹೇಳಬೇಕು. ‘ಬಿ...’ ಎನ್ನುತ್ತಾರೆ. ತುಟಿ ಅಲ್ಲೇ ನಿಲ್ಲುತ್ತದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈಯ ಜೊತೆ ಮಾತೂ ಬಿದ್ದುಹೋಗಿದೆ. ಎಲ್ಲವೂ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ.

‘ಬಿಸಿನೀರು ಸಾಲ್ದಂತೇನೋ, ಇನ್ನೊಂದ್ ಚೊಂಬು ತರ್ಲಾ?’ ಬಾಗಿಲಿಗೆ ಬಂದ ಹೆಂಡತಿ ಸತ್ಯವತಿ ಕೇಳುತ್ತಾರೆ. ನೀಲಾಂಬಿಕಾ ಸುಮ್ಮನಿರಿ ಎಂಬಂತೆ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ಬಕೆಟ್ಟಿನ ನೀರು ಆರುತ್ತಿದೆ. ‘ಬಿ... ಬಿಳೀ...’ ಮತ್ತೆ ನಿಶ್ಶಬ್ದ. ಕೊನೆಗೆ ‘ಬಿಳೀ ಪಂಚೆ.’ ಇವತ್ತು ಏಕಾದಶಿ. ಮೇಷ್ಟ್ರಿಗೆ ಬಣ್ಣದ ಲುಂಗಿ ಬೇಡವಾಗಿದೆ.

‘ನಾವೇ ಹೇಳ್ಕೊಟ್ಬಿಟ್ರೆ ಅವ್ರು ಹೂಂ ಅಂದ್ಬಿಡ್ತಾರೆ,’ ಎನ್ನುತ್ತಾರೆ ನೀಲಾಂಬಿಕಾ. ‘ಬೇಕಾಗಿದ್ದು ಬೇರೇನೇ ಇರತ್ತೆ. ಯಾಕ್ ಬೇಕು ರಗಳೆ ಅಂತ ಹೂಂ ಅಂತಾರೆ ಅಷ್ಟೇ. ಅದಕ್ಕೇ ಕಾಯ್ತೀನಿ. ಅದೂ ಕೆಲ್ಸಾನೇ ಅಲ್ವಾ?’

ನಲವತ್ತರ ಹೊಸ್ತಿಲಲ್ಲಿರುವ ನೀಲಾಂಬಿಕಾ ನರ್ಸಿಂಗ್ ಡಿಪ್ಲೊಮಾ ಓದಿದವರು. ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಬಾಡಿಗೆ ಮನೆ. ಗಂಡ ಮಹದೇವ್ ಗೂಡ್ಸ್ ಆಟೊ ಓಡಿಸುತ್ತಾರೆ. ಬೆಳಿಗ್ಗೆ ಐದಕ್ಕೆ ಸ್ಕೂಟರ್ ಹತ್ತಿದರೆ ಎರಡು ಮನೆಗಳ ಕೆಲಸ ಮುಗಿಸಿ ಮನೆ ಸೇರುವಾಗ ಕತ್ತಲು. ಮೈ ಒರೆಸುವುದು, ಗುಟುಕು ಗುಟುಕಾಗಿ ಗಂಜಿ ಕುಡಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಹದಿನೈದು ವರ್ಷಗಳಲ್ಲಿ ತಾವು ನೋಡಿಕೊಂಡ ಯಾರ ಬೆನ್ನಿಗೂ ಹುಣ್ಣಾಗಲು ಬಿಟ್ಟಿಲ್ಲ. ಕೆಲಸಕ್ಕೆ ಕಳಿಸುವ ಏಜೆನ್ಸಿ ಮಾತ್ರ ರಜೆ ಕೊಡುವುದಿಲ್ಲ, ಪಿ.ಎಫ್. ಕಟ್ಟುವುದಿಲ್ಲ. ಹಿಂದೆ ಕೆಲಸ ಮಾಡಿದ ಮನೆಯೊಂದರಲ್ಲಿ ಇವರ ಕಾಫಿಗೆ ಬೇರೆ ಲೋಟವಿತ್ತು. ಓದಿ ಬಂದ ದಾದಿಯನ್ನು ‘ನಮ್ಮ ಕೆಲಸದವಳು’ ಎಂದು ನೆಂಟರಿಗೆ ಪರಿಚಯಿಸಿ ಏನೂ ಅನ್ನಿಸದೆ ಕೂರುವ ಊರು ನಮ್ಮದು.

ಹಾಗಿರುವಾಗ ಕಡಲಾಚೆಯ ದೇಶವೊಂದು ಇದೇ ಕೆಲಸವನ್ನು ‘ಕುಶಲ’ ಎಂದು ಕರೆದು ವೀಸಾ ಕೊಡುತ್ತದೆ ಎಂದು ತಿಳಿದಾಗ ಇವರಿಗೆ ಆಸೆ ಹುಟ್ಟಿದ್ದು ಸಹಜ. ಅಲ್ಲಿನ ವೃದ್ಧರ ಆರೈಕೆ ಮನೆಯೊಂದರ ಮುಖ್ಯಸ್ಥೆ ವಿಡಿಯೊ ಕರೆಯಲ್ಲಿ ಅರ್ಧ ಗಂಟೆ ಮಾತಾಡಿಸಿದರು. ನೀಲಾಂಬಿಕಾ ತಡೆದು ತಡೆದು ಇಂಗ್ಲಿಷಿನಲ್ಲಿ ಉತ್ತರಿಸಿದರು. ಆಕೆ ಕೇಳಿಸಿಕೊಂಡರು, ಕೆಲಸ ಕೊಟ್ಟರು.

ಕೆಲಸ ಸಿಕ್ಕರೆ ಸಾಲದು. ವೀಸಾಕ್ಕೆ ಇಂಗ್ಲಿಷ್ ಮಾತಿನ ಪರೀಕ್ಷೆ ಬೇಕು, ಅದನ್ನು ನಡೆಸುವುದು ಕಂಪ್ಯೂಟರ್. ಗಾಜಿನ ಗೂಡಿನೊಳಗೆ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು. ಪ್ರಶ್ನೆ ಕೇಳುವುದೂ ಅಂಕ ಹಾಕುವುದೂ ಅದೇ. ಮೊದಲ ಪರೀಕ್ಷೆಯಲ್ಲಿ ಬಂದ ಪ್ರಶ್ನೆ ಕೇಳಿ ಇವರಿಗೆ ಒಳಗೊಳಗೇ ನಗು. ವಯಸ್ಸಾದವರು ಊಟ ಬೇಡವೆಂದರೆ ಏನು ಮಾಡುತ್ತೀರಿ?

‘ಯಾವ ತಾತ ಅಂತ ಗೊತ್ತಾಗ್ದೆ ಹೆಂಗ್ ಹೇಳೋದು? ಗಂಟ್ಲು ನೋವಾ, ಹಲ್ಲಾ, ಸೊಸೆ ಮೇಲೆ ಕೋಪಾನಾ? ಎಲ್ಲಿಂದ ಶುರು ಮಾಡ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ಅಷ್ಟರಲ್ಲಿ ಮೈಕ್ ಮುಚ್ಕೊಳ್ತು.’

ಮೂರು ಸೆಕೆಂಡ್ ಮೌನವಾದರೆ ಉತ್ತರ ಮುಗಿಯಿತೆಂದು ಅದರ ಲೆಕ್ಕ. ಪಾಸಾಗುವ ಅಂಕ ಸ್ವಲ್ಪದರಲ್ಲೇ ತಪ್ಪಿತು. ಆದರೂ ಅನುಭವವನ್ನೆಲ್ಲ ವಿವರಿಸಿ ವೀಸಾಕ್ಕೆ ಅರ್ಜಿ ಹಾಕಿದರು. ಕಳಿಸಿ, ಹಾಲು ಕಾಯಿಸಿ ಇಳಿಸುವಷ್ಟರಲ್ಲಿ ಉತ್ತರ ಬಂತು: ತಿರಸ್ಕೃತ. ಈ ನಿರ್ಧಾರ ಸ್ವಯಂಚಾಲಿತ. ಈ ವಿಳಾಸಕ್ಕೆ ಉತ್ತರ ಬರೆಯಬೇಡಿ.

ಆರೈಕೆ ಮನೆಯವರು ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಟ್ಟಿರುತ್ತೇವೆ ಎಂದರು. ನೀಲಾಂಬಿಕಾ ಅತ್ತಿಗುಪ್ಪೆ ಮೆಟ್ರೊ ಬಳಿಯ ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿದರು. ಅಲ್ಲಿ ಪಾಠ ಹೇಳುವ ಸಂಪತ್‌ಗೆ ಯಂತ್ರದ ಗುಣ ಗೊತ್ತು.

‘ಅಕ್ಕಾ, ಯೋಚ್ನೆ ಮಾಡಿದ್ರೆ ಫೇಲು. ನೀವು ಕುಕ್ಕರ್ ಥರ ಮಾತಾಡ್ತೀರ, ಬಿಟ್ಟು ಬಿಟ್ಟು. ಮಿಕ್ಸಿ ಥರ ಆಡ್ಸಿ. ಒಳಗೇನಿದ್ರೂ ಪರ್ವಾಗಿಲ್ಲ, ಸೌಂಡ್ ನಿಲ್ಬಾರ್ದು!’

ಹಾಗಾದರೆ ಹಾಗೇ ಎಂದು ಅವರು ಮಿಕ್ಸಿಯಾಗಲು ಹೊರಟರು. ನಾಲಿಗೆ ಪಳಗಲೆಂದು ಮೇಷ್ಟ್ರ ಮನೆಯಲ್ಲೂ ಬಿಡುವಿಲ್ಲದೆ ಮಾತು. ಒಂದು ಬೆಳಿಗ್ಗೆ ಮೇಷ್ಟ್ರು ‘ಕಾ...’ ಎಂದರು. ಇವರ ಬಾಯಿ ತಾನಾಗಿ ಓಡಿತು: ‘ಕಾಫಿನಾ? ಕಾಲು ನೋವಾ? ಕಾಟನ್ ಶರ್ಟಾ?’

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಸಂಜೆಯವರೆಗೆ ಒಂದು ಅಕ್ಷರವನ್ನೂ ಆಡಲಿಲ್ಲ. ‘ಏನೇ ನೀಲಾ, ಕೊನೆಗೆ ನೀನೂ ನಮ್ ಥರಾನೇ ಆಗ್ಬಿಟ್ಯಲ್ಲೇ,’ ಎಂದರು ಸತ್ಯವತಿ.

‘ಅವರು ಹೇಳ್ಬೇಕು ಅಂತಿದ್ದಿದ್ದೇನು ಅಂತ ಇವತ್ತಿಗೂ ಗೊತ್ತಿಲ್ಲ. ಕೇಳಿದ್ರೆ ಕೈ ಆಡ್ಸ್‌ಬಿಡ್ತಾರೆ, ಬಿಡು ಅಂತ,’ ಎನ್ನುವಾಗ ನೀಲಾಂಬಿಕಾ ಮಡಿಸಿದ ಟವೆಲನ್ನೇ ಮತ್ತೆ ಬಿಚ್ಚಿ ಮಡಿಸುತ್ತಾರೆ.

ಅವತ್ತಿನಿಂದ ಆ ಮನೆಯಲ್ಲಿ ಅಭ್ಯಾಸ ಬಂದ್. ಈಗ ಸ್ಕೂಟರೇ ಶಾಲೆ. ಹೆಲ್ಮೆಟ್ಟಿನೊಳಗೆ ನಿಲ್ಲದ ಇಂಗ್ಲಿಷ್. ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಆಟೊದವರು ಒಮ್ಮೆ ಬಗ್ಗಿ, ‘ಯಾರ್ ಮೇಲಮ್ಮಾ ಇಷ್ಟು ಸಿಟ್ಟು? ಗಂಡನ್ ಮೇಲಾ?’ ಎಂದು ಕೇಳಿದ್ದರಂತೆ. ‘ಇಲ್ಲ ಅಣ್ಣ, ಕಂಪ್ಯೂಟರ್ ಮೇಲೆ,’ ಎಂದು ಗಾಡಿ ಬಿಟ್ಟರಂತೆ ಇವರು.

ಇದನ್ನು ಯಂತ್ರದ ತಪ್ಪು ಎಂದು ಕೈತೊಳೆದುಕೊಳ್ಳುವುದು ಸುಲಭ. ಯಂತ್ರಕ್ಕೆ ತಾನಾಗಿ ಏನು ಗೊತ್ತು? ಮೌನವೆಂದರೆ ತಿಳಿಯದಿರುವುದು ಎಂದು ಎಲ್ಲೋ ಯಾರೋ ಮನುಷ್ಯರೇ ತೀರ್ಮಾನಿಸಿ, ಆ ತೀರ್ಮಾನವನ್ನು ಯಂತ್ರದ ಹೊಟ್ಟೆಯಲ್ಲಿಟ್ಟು, ತಾವು ಕುರ್ಚಿ ಬಿಟ್ಟು ಎದ್ದುಹೋಗಿದ್ದಾರೆ. ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತ ಸತಾಯಿಸಿದರೆ ಮೇಜು ಗುದ್ದಿ ಜಗಳವಾಡಬಹುದು. ಅವನ ಮೇಲಿನವರ ಬಾಗಿಲು ಬಡಿಯಬಹುದು. ಇಲ್ಲಿ ಬಡಿಯಲು ಬಾಗಿಲೇ ಇಲ್ಲ. ತಮ್ಮ ಮುದುಕರ ಮೈ ತೊಳೆಯಲು ನಮ್ಮ ಹೆಣ್ಣುಮಕ್ಕಳ ಕೈ ಬೇಕು, ಆ ಕೈಯವಳ ಮಾತು ಕೇಳಲು ಒಬ್ಬ ಮನುಷ್ಯನನ್ನು ಕೂರಿಸುವಷ್ಟು ಪುರುಸೊತ್ತಿಲ್ಲ. ಇದಕ್ಕೆ ದಕ್ಷತೆ ಎಂದು ಹೆಸರು. ಇಟ್ಟವರು ಇಟ್ಟುಕೊಳ್ಳಲಿ, ನಾವೇಕೆ ಒಪ್ಪಬೇಕು?

ನೀಲಾಂಬಿಕಾ ಹೋದರೆ ಮೇಷ್ಟ್ರ ಮಾತಿಗೆ ಕಾಯುವವರು ಯಾರು ಎಂಬ ಚಿಂತೆ ಮನೆಯಲ್ಲಿ ಇಲ್ಲದಿಲ್ಲ. ಬ್ಯಾಂಕಿನಲ್ಲಿರುವ ಮಗ ಮಧ್ವೇಶ್ ಈಗ ಬೆಳಿಗ್ಗೆ ಅರ್ಧ ಗಂಟೆ ಅಪ್ಪನ ಪಕ್ಕ ಕೂರುತ್ತಾರೆ. ‘ಮಾತ್ರೆ, ಮಗ್ಗುಲು ಎಲ್ಲಾ ಕಲ್ತ್ರು. ಬಾಯಿ ಮುಚ್ಕೊಂಡ್ ಕೂರೋದೊಂದು ಬರ್ತಿಲ್ಲ,’ ಎಂದು ನೀಲಾಂಬಿಕಾ ನಗುತ್ತಾರೆ. ‘ಹೋಗ್ ಕಣೇ,’ ಎನ್ನುತ್ತಾರೆ ಸತ್ಯವತಿ. ‘ನಮಗೋಸ್ಕರ ನೀನ್ ಯಾಕ್ ಇಲ್ಲೇ ಸವೀಬೇಕು?’

ಭಾನುವಾರ ಎರಡನೇ ಪರೀಕ್ಷೆ ನಡೆಯುತ್ತದೆ. ಬುಧವಾರ ನನಗೆ ನೀಲಾಂಬಿಕಾ ಅವರ ಫೋನ್ ಬರುತ್ತದೆ.

‘ಪಾಸಾಯ್ತು ಮೇಡಂ. ಮರೆಯಕ್ಕಾಗದ ಉಡುಗೊರೆ ಯಾವ್ದು ಅಂತ ಕೇಳ್ತು. ಸಂಪತ್ ಬಾಯಿಪಾಠ ಮಾಡ್ಸಿದ್ದ. ನಮ್ಮ ತಾತ ಸೈಕಲ್ ಕೊಡ್ಸಿದ್ರು, ಕೆಂಪು ಸೈಕಲ್ಲು, ನಾನು ಖುಷೀಲಿ ಅತ್ಬಿಟ್ಟೆ ಅಂತ. ಒಂದ್ ಕಡೇನೂ ನಿಲ್ಲಿಸ್ಲಿಲ್ಲ. ತುಂಬಾ ಒಳ್ಳೇ ಮಾರ್ಕ್ಸು.’

ತಾತ?

‘ನಾನು ಹುಟ್ಟೋಕ್ ಮುಂಚೇನೇ ತೀರ್ಕೊಂಡಿದ್ರು.’

ಅರ್ಜಿ ಮತ್ತೆ ಹೋಗಿದೆ. ಇನ್ನೂ ಉತ್ತರವಿಲ್ಲ. ವೀಸಾ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿ, ಕಾಯುತ್ತೇನೆ.

‘ಅಲ್ಲಿಗ್ ಹೋದ್ ತಕ್ಷಣ ಆ ದೊಡ್ಡಮ್ಮಂಗೆ, ವಿಡಿಯೊದಲ್ಲಿ ನನ್ನ ಮಾತಾಡ್ಸಿದ್ರಲ್ಲ, ಅವರಿಗೆ ಹೇಳ್ಬೇಕು, ಸೈಕಲ್ ಸುಳ್ಳು ಅಂತ. ಪರೀಕ್ಷೇಲಿ ಎದುರಿಗೆ ಒಬ್ರು ಕೂತಿದ್ದಿದ್ರೆ ನನ್ ಬಾಯಲ್ಲಿ ಆ ಸುಳ್ಳು ಬರ್ತಾನೇ ಇರ್ಲಿಲ್ಲ ಮೇಡಂ. ಕೇಳೋರು ಯಾರಿದ್ರು ಅಲ್ಲಿ?’