ಮಾಜಿ ಮಂತ್ರಿ ಮತ್ತು ಮಂಗಳವಾರದ ವ್ಯಾನು

ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮಾಜಿ ಮಂತ್ರಿ ಇದ್ದರು. ನಮ್ಮ ಭಾರತದ ಮಂತ್ರಿಯಲ್ಲ, ನಾವಿರುವ ಅಮೆರಿಕದವರೂ ಅಲ್ಲ, ಪಾಕಿಸ್ತಾನದವರು. ಚಿಕ್ಕವನಿದ್ದಾಗ ಎಂದರೆ ಹದಿನಾಲ್ಕು ವರ್ಷದ ಹಿಂದೆ, ನನಗೆ ಹತ್ತು ತುಂಬಿದ ಬೇಸಿಗೆಯಲ್ಲಿ. ಅಷ್ಟು ಈಚಿನದನ್ನೆಲ್ಲ ಹಳೆಯ ಕಾಲ ಎನ್ನಬಹುದೇ ಎಂದು ಯಾರಾದರೂ ತಕರಾರು ತೆಗೆದರೆ ಒಪ್ಪುತ್ತೇನೆ. ಆದರೆ ನನ್ನ ಅಕ್ಕನ ಇಬ್ಬರು ಮಕ್ಕಳ ಪಾಲಿಗೆ ಅವರು ಹುಟ್ಟುವ ಮುಂಚಿನದೆಲ್ಲ ಒಂದೇ ಕಾಲ. ಡೈನೋಸಾರ್‌ಗಳೂ ನಾನೂ ಒಟ್ಟಿಗೇ ಇದ್ದೆವು.

ನಮ್ಮ ಊರು ನ್ಯೂ ಜರ್ಸಿಯಲ್ಲಿ, ಈಸ್ಟ್ ಬ್ರನ್ಸ್‌ವಿಕ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷ. ಅಲ್ಲಿ ನಡೆದು ಹೋಗಿ ತಲುಪುವಂಥ ಜಾಗ ಒಂದೂ ಇರಲಿಲ್ಲ. ನಮ್ಮ ಬೀದಿಯ ಫುಟ್‌ಪಾತ್ ಕೊನೆಯ ಮನೆಯ ಮುಂದೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು, ಆಮೇಲೆ ಹೈವೇ. ಅಪ್ಪ ಬೆಳಿಗ್ಗೆಯೇ ಬಾಸ್ಕಿಂಗ್ ರಿಡ್ಜ್‌ನ ಆಫೀಸಿಗೆ ಡ್ರೈವ್ ಮಾಡುತ್ತಿದ್ದರು, ಅಮ್ಮ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಕಮ್ಯೂಟ್ ಮಾಡುತ್ತಿದ್ದರು. ಹೊಸದಾಗಿ ಲೈಸೆನ್ಸ್ ಸಿಕ್ಕಿದ್ದ ಅಕ್ಕ ಐಸ್‌ಕ್ರೀಮ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ಉಳಿಯುತ್ತಿದ್ದವರು ಧಾರವಾಡದಿಂದ ಬಂದಿದ್ದ ಅಜ್ಜಿ ಮತ್ತು ನಾನು. ಹೊರಗೆ ಹುಲ್ಲು ಕತ್ತರಿಸುವ ಯಂತ್ರಗಳ ಸದ್ದು, ಬೆವರು ಆರದ ಗಾಳಿ. ಅಜ್ಜಿ ಕಿಟಕಿಯ ಹತ್ತಿರ ಕೂತು ಹೋಗುವ ಕಾರುಗಳನ್ನು ನೋಡುತ್ತ, ಈ ಊರಾಗ ಕಾರಿಗೆ ಇರೋ ಕಾಲು ಮನಷ್ಯಾರಿಗೆ ಇಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು.

ಅಜ್ಜಿಗೆ ಕಾಲು ಕೊಟ್ಟಿದ್ದು ಊರಿನ ಬಿಳಿ ವ್ಯಾನು. ವಯಸ್ಸಾದವರಿಗೆಂದೇ ಅದು ವಾರಕ್ಕೆ ಎರಡು ದಿನ ಬರುತ್ತಿತ್ತು. ಗುರುವಾರ ಅಂಗಡಿಗಳ ಕಡೆಗೆ ಹೋಗುತ್ತಿತ್ತು, ಆಗ ಸೀಟು ಸಿಗುತ್ತಿರಲಿಲ್ಲ. ಮಂಗಳವಾರ ಲೈಬ್ರರಿ, ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳ ಕಡೆಗೆ. ಆಗ ಒಳಗೆ ನಾವು ನಾಲ್ಕೇ ಜನ. ಅಜ್ಜಿ, ಅಜ್ಜಿಯ ಬಾಲವಾಗಿ ನಾನು, ಪಕ್ಕದ ಮನೆಯ ಆಂಟಿ, ಮತ್ತೆ ಒಬ್ಬ ಬಿಳಿಯ ಮುದುಕ. ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆಗೆ ನೋವಿನ ಮುಲಾಮಿನ ವಾಸನೆ ಬೆರೆತಿರುತ್ತಿತ್ತು. ಮುದುಕ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಇಳಿಯುತ್ತಿದ್ದ. ಅವನ ಹೆಂಡತಿ ಅಲ್ಲಿದ್ದಳು. ಕಣ್ಣು ಮಂಜಾಗಿ ಅವನು ಕಾರು ಬಿಟ್ಟು ಎರಡು ವರ್ಷವಾಗಿತ್ತು. ವಾರಕ್ಕೊಮ್ಮೆ ಅವಳನ್ನು ನೋಡಲು ಅವನಿಗಿದ್ದುದು ಆ ವ್ಯಾನು ಒಂದೇ.

ಪಕ್ಕದ ಮನೆಯ ಆಂಟಿಯೇ ಆ ಮಾಜಿ ಮಂತ್ರಿ. ಮಗಳ ಮನೆಗೆ ಬಂದು ನೆಲೆಸಿದ್ದರು. ಎತ್ತರದ ಹೆಂಗಸು, ಕಾಲಿಗೆ ಯಾವಾಗಲೂ ಬಿಳಿ ಸ್ಪೋರ್ಟ್ಸ್ ಶೂ. ಅವರ ಮಾತು ಅರ್ಧ ಉರ್ದು ಅರ್ಧ ಇಂಗ್ಲಿಷ್. ಅಜ್ಜಿಯದು ಧಾರವಾಡದ ಹಿಂದಿ. ಇಬ್ಬರೂ ವ್ಯಾನಿನಲ್ಲಿ ಒಂದೇ ಸೀಟಿನಲ್ಲಿ ಕೂತು ಮಂಡಿನೋವಿನಿಂದ ಹಿಡಿದು ಮಾವಿನಹಣ್ಣಿನವರೆಗೆ ಮಾತಾಡುತ್ತಿದ್ದರು. ಅಪ್ಪನ ಗೆಳೆಯರೊಬ್ಬರು ಒಮ್ಮೆ ಊಟಕ್ಕೆ ಬಂದಾಗ, ಏನಮ್ಮಾ, ಬಾರ್ಡರ್ ದಾಟಿಬಿಟ್ಟಿರಂತಲ್ಲ ಎಂದು ಕೆಣಕಿದರು. ಅಜ್ಜಿ ಸಾರು ಬಡಿಸುತ್ತಲೇ ಹೇಳಿದರು:

“ವ್ಯಾನಿನ್ಯಾಗ ಬಾರ್ಡರ್ ಎಲ್ಲದನೋ, ಸೀಟ್ ಬೆಲ್ಟ್ ಅದ.”

ಆ ಬೇಸಿಗೆ ಬೆಳಗಿನ ಹೊತ್ತು ನನ್ನನ್ನು ಡಿಬೇಟ್ ಕ್ಯಾಂಪಿಗೆ ಹಾಕಿದ್ದರು. ಯಾರು ಏನು ಹೇಳಿದರೂ ಅದಕ್ಕೆ ಪುರಾವೆ ಕೇಳುವ ಚಟ ಹತ್ತಿತ್ತು. ಮಂತ್ರಿಯಾಗಿದ್ದೆ ಎಂದರೆ ಬಿಡುತ್ತೇನೆಯೇ? ವ್ಯಾನಿನಲ್ಲಿ ಪ್ರತಿ ವಾರ ಆಂಟಿಯನ್ನು ಅಡ್ಡಸವಾಲಿಗೆ ಎಳೆಯುತ್ತಿದ್ದೆ. ಬೇಸರವಾದಾಗ ಅವರು ನನ್ನನ್ನು ‘ವಕೀಲ್ ಸಾಬ್’ ಎಂದು ಕರೆಯುತ್ತಿದ್ದರು. ಆದರೂ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು, ಅವಸರವಿಲ್ಲದೆ, ಬಹಳ ಸಲ ಹೇಳಿ ಸುಸ್ತಾದವರ ದನಿಯಲ್ಲಿ.

ಮೊದಲು ಸ್ಕೂಲ್ ಟೀಚರ್ ಆಗಿದ್ದರಂತೆ. ಮಧ್ಯಾಹ್ನದ ಮೇಲೆ ಖಾಲಿ ಬೀಳುತ್ತಿದ್ದ ತರಗತಿಯಲ್ಲಿ ಬಡ ಹೆಂಗಸರಿಗೆ ಹೊಲಿಗೆ ಕಲಿಸಲು ಶುರು ಮಾಡಿದರು, ಹೊಲಿಗೆಯ ನೆಪದಲ್ಲಿ ಅಕ್ಷರ. ವಿಧವೆಯರು ಪಿಂಚಣಿ ಪಡೆಯಬೇಕಾದರೆ ಜೊತೆಗೆ ಒಬ್ಬ ಗಂಡಸು ಬಂದು ನಿಲ್ಲಬೇಕಿತ್ತಂತೆ. ಅದನ್ನು ತೆಗೆಸಲು ಏಳು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು, ಅಲೆದು ಅಲೆದು ಚುನಾವಣೆಗೆ ನಿಂತರು. ಮೊದಲ ಸಲ ಸೋತರು, ಎರಡನೆಯ ಸಲ ಗೆದ್ದು ಪ್ರಾಂತ್ಯದ ಅಸೆಂಬ್ಲಿಗೆ ಹೋದರು, ಹನ್ನೊಂದು ತಿಂಗಳು ಸಮಾಜ ಕಲ್ಯಾಣದ ಮಂತ್ರಿಯಾದರು. ಗಂಡಸರ ಷರತ್ತು ತೆಗೆದುಹಾಕಿದರು. ಮನೆಯಿಂದ ಹೊರಬಿದ್ದ ಹೆಂಗಸರಿಗಾಗಿ ಒಂದು ಆಶ್ರಯಮನೆ ತೆರೆದರು. ಅಷ್ಟರಲ್ಲಿ ಸರ್ಕಾರ ಬಿತ್ತು. ಮುಂದಿನವರು ಆಶ್ರಯಮನೆಗೆ ಬೀಗ ಹಾಕಿ ಅದರಲ್ಲಿ ಗೊಬ್ಬರದ ಮೂಟೆ ಇಟ್ಟರು. ಆಮೇಲೆ ಮತ್ತೆರಡು ಚುನಾವಣೆ, ಎರಡರಲ್ಲೂ ಸೋಲು.

ಹಾಗಾದರೆ ಒಟ್ಟು ನೀವು ಸೋತಿರಿ, ಮೂರು ಒಂದು ಎಂದೆ ನಾನು. ಆಂಟಿ ಕಿಟಕಿಯಾಚೆ ನೋಡುತ್ತ, ಹಾಗೇ ಇರಬೇಕು ಬೇಟಾ ಎಂದರು. ಅಜ್ಜಿ ನನ್ನ ತೊಡೆ ಚಿವುಟಿದರು.

ಜುಲೈ ತಿಂಗಳಲ್ಲಿ ವ್ಯಾನಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದರು. ಮಂಗಳವಾರದ ಓಡಾಟ ನಿಲ್ಲಿಸುವ ಯೋಚನೆಯಿದೆ, ಶನಿವಾರ ಬೆಳಿಗ್ಗೆ ಸಭೆ, ಊರಿನವರು ಬಂದು ಅಭಿಪ್ರಾಯ ಹೇಳಬಹುದು, ಒಬ್ಬೊಬ್ಬರಿಗೆ ಮೂರು ನಿಮಿಷ ಎಂದಿತ್ತು. ಮುದುಕ ಕಾಗದಕ್ಕೆ ಮೂಗು ತಾಗಿಸಿ ಎರಡು ಸಲ ಓದಿದ. ಇಳಿಯುವಾಗ ಮೆಟ್ಟಿಲು ತಪ್ಪಿದ, ಆಂಟಿ ತೋಳು ಹಿಡಿದರು. ಅವತ್ತೇ ಆಂಟಿ ಕೆಲಸಕ್ಕೆ ಇಳಿದರು. ಸಭೆಯಲ್ಲಿ ಇಬ್ಬರು ಮಾತಾಡುವುದೆಂದಾಯಿತು: ಮೊದಲು ಆಂಟಿ, ಕೊನೆಗೆ ಅಜ್ಜಿ. ಅಜ್ಜಿಗೆ ಇಂಗ್ಲಿಷ್ ಸಾಲದು, ಅಜ್ಜಿಯ ಮೂರು ನಿಮಿಷ ನನಗೆ ಬಂತು. ಆಂಟಿ ನನಗೆ ಕೊಟ್ಟ ಸೂಚನೆ ಒಂದೇ. ನಿನ್ನ ಅಜ್ಜಿಯ ಮಂಗಳವಾರ ಹೇಗಿರುತ್ತದೆ ಎಂದು ಹೇಳು, ಮುದುಕನದು ಹೇಗಿರುತ್ತದೆ ಎಂದು ಹೇಳು, ಹೇಳಿ ಕೂತುಬಿಡು.

ನನಗೆ ಅದು ತೀರಾ ಸಪ್ಪೆ ಎನಿಸಿತು. ಕಥೆ ಹೇಳಿದರೆ ವಾದವಾಗುತ್ತದೆಯೇ? ಕ್ಯಾಂಪಿನಲ್ಲಿ ನಮಗೆ ಒಂದು ವಿದ್ಯೆ ಹೇಳಿಕೊಟ್ಟಿದ್ದರು. ಎದುರಾಳಿಯ ಅತಿ ಗಟ್ಟಿಯಾದ ವಾದವನ್ನು ಮೊದಲು ನೀನೇ ಹೇಳು, ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ಒಂದೊಂದಾಗಿ ಮುರಿ. ಯಾರಿಗೂ ತಿಳಿಸದೆ ಹಾಗೇ ಬರೆದುಕೊಂಡೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಆಂಟಿ ಒಮ್ಮೆ ಓದಿ ತೋರಿಸು ಎಂದಾಗ, ಸರ್‌ಪ್ರೈಸ್ ಎಂದುಬಿಟ್ಟೆ.

ಶನಿವಾರ ಅಕ್ಕ ನಮ್ಮನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಸಭೆಯ ಕೋಣೆಯಲ್ಲಿ ಎಸಿ ಎಷ್ಟು ತಣ್ಣಗಿತ್ತೆಂದರೆ ಅಜ್ಜಿ ಸೆರಗನ್ನು ಎರಡು ಸುತ್ತು ಹೊದ್ದರು. ಎತ್ತರದ ಮೇಜಿನ ಹಿಂದೆ ಊರಿನ ಕೌನ್ಸಿಲ್‌ನ ಐವರು ಕೂತಿದ್ದರು. ಮೈಕಿನ ಪಕ್ಕದಲ್ಲಿ ಸಮಯ ತೋರಿಸುವ ಹಸಿರು, ಹಳದಿ, ಕೆಂಪು ದೀಪ. ಮುದುಕ ಬಂದಿರಲಿಲ್ಲ, ಶನಿವಾರ ವ್ಯಾನು ಇಲ್ಲವಲ್ಲ. ಕರೆತರುತ್ತೇವೆ ಎಂದು ಆಂಟಿ ಫೋನ್ ಮಾಡಿದ್ದಕ್ಕೆ, ಜನರ ಮುಂದೆ ಅಳು ಬಂದರೆ ಕಷ್ಟ ಎಂದನಂತೆ.

ಆಂಟಿ ಎರಡೇ ನಿಮಿಷ ಮಾತಾಡಿ ಕೂತರು. ನನ್ನ ಸರದಿ ಬಂತು. ಮೈಕನ್ನು ನನ್ನ ಬಾಯಿಗೆ ತಗ್ಗಿಸಿದರು. ಮಂಗಳವಾರದ ವ್ಯಾನಿನಲ್ಲಿ ಹದಿನಾಲ್ಕು ಸೀಟಿದೆ ಎಂದು ಶುರು ಮಾಡಿದೆ. ನಾನು ಐದು ವಾರ ಎಣಿಸಿದ್ದೇನೆ, ನಾಲ್ಕಕ್ಕಿಂತ ಹೆಚ್ಚು ಜನ ಒಮ್ಮೆಯೂ ಬಂದಿಲ್ಲ, ಆ ನಾಲ್ವರಲ್ಲಿ ನಾನೂ ಒಬ್ಬ, ನನಗೆ ವಯಸ್ಸೂ ಆಗಿಲ್ಲ ಎಂದೆ. ಜನ ನಕ್ಕರು. ನಗು ಕೇಳಿ ನನಗೆ ಹುರುಪು ಬಂತು. ಬರೆದುಕೊಂಡಿರದ ಒಂದೆರಡು ಅಂಶ ಸೇರಿಸಿದೆ. ಖಾಲಿ ಸೀಟುಗಳನ್ನು ಹೊತ್ತು ಊರು ಸುತ್ತುವುದು ಜಾಣತನವೇ ಎಂದು ಕೇಳಿದೆ. ಐವರೂ ತಲೆಯಾಡಿಸುತ್ತ ಕೇಳುತ್ತಿದ್ದರು. ನನ್ನ ಮಾತನ್ನು ದೊಡ್ಡವರು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಇನ್ನು ಮುರಿಯುವ ಭಾಗ ಎಂದು ಉಸಿರೆಳೆದುಕೊಂಡೆ. ಕೆಂಪು ದೀಪ ಹೊತ್ತಿತು. ಮೈಕು ಸತ್ತಿತ್ತು.

ನಡುವೆ ಕೂತಿದ್ದ ಹೆಂಗಸು, ತುಂಬ ಪ್ರಾಮಾಣಿಕವಾಗಿ ಮಾತಾಡಿದೆ ಎಂದು ನನಗೆ ಥ್ಯಾಂಕ್ಸ್ ಹೇಳಿದರು. ಇನ್ನೂ ಮುಗಿದಿಲ್ಲ ಎಂದೆ. ಯಾರಿಗೂ ಕೇಳಿಸಲಿಲ್ಲ. ಆಮೇಲೆ ಮತ ಹಾಕಲು ಕೈಯೆತ್ತುವ ಮೊದಲು ಅವರು, ವ್ಯಾನಿನಲ್ಲಿ ಓಡಾಡುವ ಹುಡುಗನೇ ಹೀಗೆ ಹೇಳುತ್ತಿದ್ದಾನೆ ಎಂದು ಇನ್ನೊಮ್ಮೆ ನನ್ನನ್ನು ತೋರಿಸಿದರು. ಐದರಲ್ಲಿ ನಾಲ್ಕು ಕೈ ಮೇಲೆ ಹೋದವು. ಗುರುವಾರ ಉಳಿಯಿತು. ಮಂಗಳವಾರ ತಿಂಗಳ ಕೊನೆಗೆ ನಿಲ್ಲುವುದೆಂದಾಯಿತು.

ಹೊರಗಿನ ಮೊಗಸಾಲೆಯಲ್ಲಿ ನಾನು ಒಂದೇ ಉಸಿರಿಗೆ ವಾದಿಸಿದೆ. ಮೂರು ನಿಮಿಷದ ನಿಯಮವೇ ಅನ್ಯಾಯ, ಪೂರ್ತಿ ಕೇಳದೆ ತೀರ್ಮಾನಿಸುವುದು ತಪ್ಪು, ನನ್ನ ಎರಡನೆಯ ಭಾಗ ಇನ್ನೂ ಚೆನ್ನಾಗಿತ್ತು. ಆಂಟಿ ಬೆಂಚಿನ ಮೇಲೆ ಕೂತು ಶೂ ಲೇಸು ಸಡಿಲಿಸಿ ಕಾಲು ಚಾಚಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

“ವಾದ ಸರಿಯಾಗಿದೆ, ವಕೀಲ್ ಸಾಬ್. ಮಂಗಳವಾರ ಹೋಯಿತು.”

ಬೈದಿದ್ದರೆ ವಾದ ಮುಂದುವರಿಸಬಹುದಿತ್ತು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಸುಸ್ತು ಇತ್ತು. ಲೇಸು ಕಟ್ಟಿಕೊಂಡು ಎದ್ದು, ಮುದುಕನ ಮನೆಗೆ ಹೋಗೋಣ ಎಂದರು. ಕೆಲಸಕ್ಕೆ ತಡವಾಗುತ್ತಿದ್ದ ಅಕ್ಕ ಗೊಣಗಿದಳು, ಆದರೂ ಕಾರು ತಿರುಗಿಸಿದಳು. ದಾರಿಯಲ್ಲಿ ಆಂಟಿ ಅಜ್ಜಿಗೆ ಹೇಳುತ್ತಿದ್ದರು. ಸೋತ ಪ್ರತಿ ಚುನಾವಣೆಯ ಮರುದಿನ ಅವರು ಓಣಿ ಓಣಿಗೆ ನಡೆದು ಹೋಗಿ, ಬಾಗಿಲು ತಟ್ಟಿ, ನಾನು ಸೋತೆ ಎಂದು ತಾವೇ ತಿಳಿಸುತ್ತಿದ್ದರಂತೆ. ಒಂದು ಮನೆಯವರು ಪಾತ್ರೆ ತೊಳೆದ ನೀರು ಎರಚಿದರು, ಇನ್ನೊಂದರಲ್ಲಿ ಚಹಾ ಕೊಟ್ಟರು. ಜೊತೆಯಲ್ಲಿ ಬರಲು ಪಕ್ಷದವರು ಯಾರೂ ಒಪ್ಪುತ್ತಿರಲಿಲ್ಲ. ಕೆಟ್ಟ ಸುದ್ದಿಯನ್ನು ಜನ ಬೇರೆಯವರ ಬಾಯಿಂದ ಕೇಳಿದರೆ ಆಮೇಲೆ ನಮ್ಮ ಬಾಯಿಂದ ಒಳ್ಳೆಯದನ್ನೂ ಕೇಳುವುದಿಲ್ಲ ಎಂದು ಆಂಟಿ ಹೇಳಿದರು. ನಾನು ಹಿಂದಿನ ಸೀಟಿನಲ್ಲಿ ನನ್ನ ಕಾಗದವನ್ನು ಮಡಚುತ್ತ ಬಿಚ್ಚುತ್ತ ಕೂತಿದ್ದೆ.

ಮುದುಕನ ಮನೆಯ ಬಾಗಿಲಿಗೆ ಬಂದಾಗ ಆಂಟಿ ಒಂದು ಹೆಜ್ಜೆ ಹಿಂದೆ ಸರಿದರು.

“ನೀನು ಹೇಳು.”

ಗಂಟೆ ಒತ್ತಿದೆ. ಒಳಗಿನಿಂದ ರೇಡಿಯೋದಲ್ಲಿ ಬೇಸ್‌ಬಾಲ್ ಆಟದ ಗದ್ದಲ, ಸುಟ್ಟ ಬ್ರೆಡ್ಡಿನ ವಾಸನೆ. ಎಳೆದುಕೊಂಡು ಬರುವ ಚಪ್ಪಲಿಯ ಸದ್ದು. ಬಾಗಿಲು ತೆರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಅಷ್ಟರಲ್ಲಿ ನನ್ನ ತಲೆಯಲ್ಲಿದ್ದ ಅಂಶಗಳೆಲ್ಲ ಒಂದೊಂದಾಗಿ ಉದುರಿಹೋದವು. ಅವನು ಬನಿಯನ್ನಿನಲ್ಲಿ ಬಂದು ನಿಂತ. ಮಂಗಳವಾರದ ವ್ಯಾನು ನಿಲ್ಲಿಸುತ್ತಾರಂತೆ, ನಾನು ಮಾತು ಕೆಡಿಸಿದೆ ಎಂದೆ. ಅವನು ನನ್ನನ್ನು ನೋಡಿದ, ಆಮೇಲೆ ಆಂಟಿಯನ್ನು.

“ಎಲ್ಲಾ ಮಂಗಳವಾರಗಳೂನಾ?” ಎಂದು ಕೇಳಿದ.

ಹೌದು ಎಂದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಆಮೇಲೆ, ಸೆಕೆ ಇದೆ, ಒಳಗೆ ಬನ್ನಿ ಎಂದ. ಐಸು ಹಾಕಿದ ನೀರು ಕೊಟ್ಟ. ಹೆಂಡತಿಗೆ ಈಗ ತನ್ನ ಗುರುತು ಸಿಗುವುದಿಲ್ಲ, ವ್ಯಾನಿನ ಡ್ರೈವರ್ ಎಂದುಕೊಂಡಿದ್ದಾಳೆ, ಹೊರಡುವಾಗ ಪ್ರತಿ ಸಲ ಥ್ಯಾಂಕ್ಸ್ ಹೇಳುತ್ತಾಳೆ ಎಂದು ಹೇಳಿ ನಗಲು ನೋಡಿದ. ಇವರೆಲ್ಲ ಮೊದಲೇ ತೀರ್ಮಾನ ಮಾಡಿಕೊಂಡಿರುತ್ತಾರೆ, ನೀನು ಬೇಜಾರು ಮಾಡಿಕೊಳ್ಳಬೇಡ ಎಂದೂ ಅಂದ. ನಾನು ಆಂಟಿಯ ಮುಖ ನೋಡಿದೆ, ಅವರೂ ಹಾಗೇ ಹೇಳಲಿ ಎಂದು. ಇರಬಹುದು, ಇಲ್ಲದಿರಬಹುದು ಎಂದರು ಆಂಟಿ. ಅಷ್ಟು ಹೇಳಿ ಚೀಲದಿಂದ ನೋಟ್‌ಬುಕ್ ತೆಗೆದು, ಮುಂದಿನ ತಿಂಗಳ ಮಂಗಳವಾರಗಳನ್ನು ಬರೆದು, ಪ್ರತಿಯೊಂದರ ಮುಂದೆ ಕಾರಿರುವ ಒಬ್ಬರ ಹೆಸರು ಬರೆಯತೊಡಗಿದರು. ಮೊದಲನೆಯದು ನನ್ನ ಅಕ್ಕನದು. ಅಕ್ಕ ಬಾಯಿ ತೆರೆದಳು, ಅಜ್ಜಿ ನೋಡಿದರು, ಅಕ್ಕ ಬಾಯಿ ಮುಚ್ಚಿದಳು.

ಆ ಪಟ್ಟಿ ಹಿಮ ಬೀಳುವವರೆಗೆ ನಡೆಯಿತು. ಕೆಲವು ವಾರ ಯಾರೂ ಸಿಗಲಿಲ್ಲ, ಮುದುಕ ಕಾದು ಕೂತ. ಆಂಟಿ ಇನ್ನೂ ಮೂರು ಸಭೆಗೆ ಹೋಗಿ ಬಂದರು. ವ್ಯಾನು ತಿರುಗಿ ಬರಲಿಲ್ಲ. ವಸಂತದಲ್ಲಿ ಅವನ ಹೆಂಡತಿ ತೀರಿಕೊಂಡಳು. ಆಂಟಿ ತೀರಿಕೊಂಡು ಈಗ ಎರಡು ವರ್ಷ.

ಮೊನ್ನೆ ಇದನ್ನೆಲ್ಲ ಅಕ್ಕನ ಮಕ್ಕಳಿಗೆ ಹೇಳಿದೆ. ದೊಡ್ಡವಳಿಗೆ ಏಳು ವರ್ಷ, ನನ್ನ ಹಾಗೇ ಜಗಳಗಂಟಿ. ನಾನು ಕನ್ನಡದಲ್ಲಿ ಹೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮುದುಕ ಫೋನಿನಲ್ಲಿ ಕಾರು ಕರೆಸಿಕೊಳ್ಳಬಹುದಿತ್ತಲ್ಲ, ಸಭೆಗೆ ಹೋಗುವ ಬದಲು ಮನೆಯಿಂದಲೇ ಟೈಪ್ ಮಾಡಿ ಕಳಿಸಬಹುದಿತ್ತಲ್ಲ, ಆಗ ಕೆಂಪು ದೀಪವೂ ಇರುತ್ತಿರಲಿಲ್ಲವಲ್ಲ ಎಂದಳು. ಮೂರೂ ಸರಿ, ಅವಳ ಲೋಕದಲ್ಲಿ ಮೂರೂ ಆಗುವಂಥವು. ಕೊನೆಗೆ ಕೇಳಿದಳು:

“ವೈ ಡಿಡಂಟ್ ಯೂ ಜಸ್ಟ್ ಟೆಕ್ಸ್ಟ್ ಹಿಮ್, ಮಾಮಾ?”

ಅವಳ ಕಾಲದಲ್ಲಿ ಕೆಟ್ಟ ಸುದ್ದಿ ಒಂದು ಗುಂಡಿ ಒತ್ತಿದರೆ ಹೋಗಿಬಿಡುತ್ತದೆ. ಕಳಿಸಿದವರು ಅಷ್ಟರಲ್ಲಿ ಬೇರೇನೋ ನೋಡುತ್ತಿರುತ್ತಾರೆ. ನನ್ನ ಕೈಯಲ್ಲಿಯೂ ಅದೇ ಫೋನಿದೆ, ನಾನೂ ಹಾಗೇ ಕಳಿಸುತ್ತೇನೆ. ವಾದಕ್ಕೆ ನಿಂತರೆ ಗೆಲ್ಲುವವಳು ಅವಳೇ. ಆದ್ದರಿಂದ ವಾದ ಬಿಟ್ಟು, ಗಂಟೆ ಒತ್ತಿ ಬಾಗಿಲು ತೆರೆಯುವವರೆಗೆ ನಾನು ಅಲ್ಲಿ ಅರ್ಧ ನಿಮಿಷ ನಿಂತಿದ್ದೆ ಎಂದಷ್ಟೇ ಇನ್ನೊಮ್ಮೆ ಹೇಳಿದೆ. ಅರ್ಧ ನಿಮಿಷ ಎಂದರೆ ಎಷ್ಟು ಎಂದು ಅವಳು ಕೇಳಿದಳು. ಇಬ್ಬರೂ ಬಾಯಿ ಮುಚ್ಚಿಕೊಂಡು ಗಡಿಯಾರ ನೋಡುತ್ತ ಕೂತೆವು. ಹತ್ತು ಸೆಕೆಂಡಿಗೇ ಅವಳು, ಓಕೆ, ಸ್ಟಾಪ್ ಎಂದಳು.