ಕರೆ ಮುಟ್ಟದ ಕೋಣೆ

ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಆಗಲ್ಲಕ್ಕ’ ಎನ್ನುತ್ತಿದ್ದರು. ಅನ್ನದೆ ಏನು ಮಾಡಿಯಾರು? ರೇಡಿಯೋ ಅಲೆ ಹೊಮ್ಮಿಸುವ ಯಂತ್ರ ಯಾವುದೇ ಇರಲಿ, ಅಂಗಡಿ ಸೇರುವ ಮುನ್ನ ಅವಳು ಕೆಲಸ ಮಾಡುವ ಪರೀಕ್ಷಾಲಯ ದಾಟಬೇಕು. ನಿಯಮಕ್ಕೆ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವಳದು ಒಂದೇ ಮಾತು: “ಆಗಲ್ಲ.”

ಆ ಮಾತನ್ನು ಒಡಹುಟ್ಟಿದ ತಂಗಿಗೂ ಹೇಳಿಬಿಟ್ಟಳಲ್ಲ! ತಾಯಿ ಹೋದ ಮೇಲೆ ಜಡೆ ಹಾಕಿ, ಬೈದು, ಮುದ್ದು ಮಾಡಿ ತಾನೇ ಬೆಳೆಸಿದ ತಂಗಿ. ಅವಳು ತೊಟ್ಟಿಲ ಪಕ್ಕ ಇಡುವ ಪುಟ್ಟ ಯಂತ್ರ ಮಾಡಿ ತಂದಿದ್ದಳು. ಮಗು ಅತ್ತರೆ ಆಚೆ ಕೋಣೆಯ ತಾಯಿಗೆ ಅದು ತಿಳಿಸುತ್ತದೆ. ಆಗ ಅಕ್ಕನಿಗೆ ಮುಂಬಾಗಿಲ ಮೇಜಿನ ಕೆಲಸ. ಮುಚ್ಚಳ ತೆಗೆದು ನೋಡಿದಳು.

“ಆಂಟೆನಾ ಬದಲಾಯಿಸಿದ್ದೀಯ.”

“ದೂರ ಕೇಳ್ಲಿ ಅಂತ. ಒಳಗೆ ಕೂರಿಸಿರೋ ರೇಡಿಯೋ ಮಾಡ್ಯೂಲು ಕೊಂಡು ತಂದಿದ್ದು, ಅದಕ್ಕೆ ಮೊದಲೇ ಒಪ್ಪಿಗೆ ಸಿಕ್ಕಿದೆಯಲ್ಲ ಅಕ್ಕಾ!”

“ಅದು ಅದರ ಆಂಟೆನಾ ಜೊತೆ ಸಿಕ್ಕಿದ್ದು. ನಿನ್ನ ಈ ಉದ್ದದ ಕಡ್ಡಿಗಲ್ಲ. ಆಗಲ್ಲ.”

“ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದ್ರೆ ಇದೇ!” ಎಂದವಳು ಅಂದೇ ಬಟ್ಟೆಬರೆ ಕಟ್ಟಿಕೊಂಡು ಬೇರೆ ಮನೆ ಹಿಡಿದಳು.

ಜನರ ಮುಖವೇ ಬೇಡವೆಂದು ಅಕ್ಕ ತಾನಾಗಿ ಕೇಳಿಕೊಂಡು ಒಳಗಿನ ಉಕ್ಕಿನ ಕೋಣೆಯ ಕೆಲಸಕ್ಕೆ ಸೇರಿದಳು. ಗೋಡೆ, ಚಾವಣಿಗೆಲ್ಲ ಮೊನೆಮೊನೆಯಾದ ಕಪ್ಪು ಸ್ಪಂಜು. ಬಾಗಿಲು ಹಾಕಿದರೆ ಹೊರಗಿನ ಅಲೆ ಒಳಗೆ ಬಾರದು, ಒಳಗಿನದು ಹೊರಗೆ ಹೋಗದು. ಸಂಜೆ ಹೊರಬಿದ್ದ ಕೂಡಲೇ ಫೋನ್ ನೋಡುವಳು. ತಂಗಿಯ ಕರೆ ಇಲ್ಲ. “ಬೇಡ ಬಿಡು, ನನಗೇನಂತೆ” ಎಂದು ಗೊಣಗುವಳು. ಮನೆಗೆ ಹೋಗಿ ಊಟಕ್ಕೆ ಎರಡು ತಟ್ಟೆ ತೆಗೆದು, ಒಂದನ್ನು ಮತ್ತೆ ಒಳಗಿಡುವಳು. ತಾನಾಗಿ ಕರೆ ಮಾಡಲು ಮಾತ್ರ ಹಾಳು ಬಿಗುಮಾನ ಬಿಡಲಿಲ್ಲ.

ವರ್ಷಗಳು ಕಳೆದವು. ಒಂದು ಬೆಳಗ್ಗೆ ತಂಗಿ ಅದೇ ಯಂತ್ರ ಹಿಡಿದು ಬಂದಳು, ಈ ಸಲ ಸರಿಯಾದ ಆಂಟೆನಾ ಹಾಕಿಸಿಕೊಂಡು. ಒಡಹುಟ್ಟಿದವಳದೆಂದು ವರದಿಗೆ ಸಹಿ ಮೇಲಧಿಕಾರಿಯೇ ಹಾಕುವುದೆಂದಾಯಿತು. ಯಂತ್ರ ಜೋಡಿಸಲು ಮಾತ್ರ ಇಬ್ಬರೂ ಒಳಗೆ ಹೋದರು. ಅಕ್ಕ ಬಾಗಿಲೆಳೆದಳು. ತಂಗಿ ಫೋನ್ ತೆಗೆದು ನೋಡಿದಳು.

“ಇಲ್ಲಿ ಸಿಗ್ನಲ್ಲೇ ಇಲ್ವಲ್ಲ?”

“ಇದ್ರೆ ಪರೀಕ್ಷೆ ಮಾಡೋದು ಹೇಗೆ?”

“ನೀನು ದಿನವೆಲ್ಲಾ ಇಲ್ಲೇ ಇರ್ತೀಯಾ?” ತಂಗಿ ಫೋನ್ ಕೆಳಗಿಳಿಸಿದಳು. “ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ? ಕೆಲಸದ ಹೊತ್ತಲ್ಲೇ ಮಾಡ್ತಿದ್ದೆ, ನಾಲ್ಕು ಜನರ ಮುಂದೆ ಬೈಯಲ್ಲ ಅಂತ. ಪ್ರತಿ ಸಲ ‘ಸಂಪರ್ಕಕ್ಕೆ ಸಿಗುತ್ತಿಲ್ಲ’. ನನ್ನ ನಂಬರೇ ಬೇಡ ಅಂತ ಬ್ಲಾಕ್ ಮಾಡಿದ್ದೀಯ ಅಂದ್ಕೊಂಡೆ.”

ಅಕ್ಕ ಸ್ಪಂಜಿನ ಗೋಡೆ ನೋಡುತ್ತ ನಿಂತಳು. ಅಲೆ ಎಲ್ಲಿ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವಳಿಗೆ ಇದೊಂದು ಹೊಳೆಯಬಾರದಿತ್ತೇ? ಅಯ್ಯೋ, ಎಂಥ ಪೆದ್ದಿ!

ಯಂತ್ರ ಪಾಸಾಯಿತು. ಹೊರಗೆ ಬಂದಾಗ ಅಕ್ಕನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಾರು ದೂರದಲ್ಲಿ ತಂಗಿ ಕಿವಿಗೆ ಫೋನಿಟ್ಟು ನಿಂತಿದ್ದಳು.

“ತಗೊಳ್ಳೇ ಅಕ್ಕಾ!”

ತೆಗೆದುಕೊಂಡಳು.

“ಅಕ್ಕಾ... ಮನೆಗೆ ಬರಲಾ?”

“ಬಾರೇ. ನಿನ್ನ ತಟ್ಟೆ ದಿನಾ ತೆಗೀತಾನೇ ಇದ್ದೀನಿ.”