ಗುಡ್ಡದ ಕಲ್ಲಿಗೆ ಬಳಿದ ಸುಣ್ಣ

ನಾನು ಗೈಡ್ ಆಗಿದ್ದಷ್ಟು ಕಾಲವೂ ಜನ ಕೇಳುತ್ತಿದ್ದದ್ದು ಒಂದೇ: ದಿನಾ ಗುಡ್ಡ ಹತ್ತಿದರೆ ಕಾಲು ನೋಯುವುದಿಲ್ಲವಾ? ಕಾಲು ನನಗೆ ಇವತ್ತಿಗೂ ನೋಯುವುದಿಲ್ಲ. ನೋಯುತ್ತಿದ್ದದ್ದು ಕಿವಿ. ಶನಿವಾರ, ಭಾನುವಾರ ಬಂತೆಂದರೆ ಹಿಂದಿನಿಂದ ಜೀಪಿನ ಹಾರ್ನು, ಪಕ್ಕದಿಂದ ನಡೆಯುವವರ ದೂರು, ನಡುವೆ ನಾನು. ಸಂಜೆ ಮನೆಗೆ ಬಂದರೆ ಯಾರಾದರೂ ಮಾತಾಡಿಸಿದರೂ ಸಿಟ್ಟು ಬರುತ್ತಿತ್ತು.

ನಮ್ಮ ಗುಡ್ಡ ಕಳಸದಿಂದ ಸ್ವಲ್ಪ ದೂರ. ಕೆಳಗೆ ಕಾಫಿ ತೋಟ, ತೋಟ ಮುಗಿದಲ್ಲಿ ಕಾಡು, ಕಾಡು ಮುಗಿದಲ್ಲಿ ತುದಿಯವರೆಗೆ ಬರೀ ಹುಲ್ಲು. ಮೇಲೆ ಹೋಗುವುದಕ್ಕೆ ಹಿಂದೆ ಯಾವಾಗಲೋ ಮರ ಸಾಗಿಸಲು ಮಾಡಿದ ಒಂದು ಮಣ್ಣಿನ ದಾರಿ ಇದೆ. ಜಾಗ ಅರಣ್ಯ ಇಲಾಖೆಯದು. ಅವರು ಆ ಒಂದೇ ದಾರಿಯಲ್ಲಿ ಜೀಪಿಗೂ ಒಪ್ಪಿಗೆ ಕೊಟ್ಟಿದ್ದರು, ನಡೆಯುವವರಿಗೂ ಕೊಟ್ಟಿದ್ದರು. ದಾರಿ ಬಿಟ್ಟು ಯಾರೂ ಹುಲ್ಲಿಗೆ ಇಳಿಯಬಾರದು ಎನ್ನುವುದೊಂದೇ ಕಟ್ಟುನಿಟ್ಟು. ನಾನು ನಡೆಯುವವರ ಗೈಡ್, ಇಲಾಖೆಯ ಪಾಸು ಕೊರಳಲ್ಲಿ ನೇತುಹಾಕಿಕೊಂಡೇ ಹೋಗಬೇಕು. ನನ್ನ ತಮ್ಮ ಜೀಪಿನವನು. ಗಂಡ ತೀರಿಕೊಂಡ ಮೇಲೆ ನಾನು ಇರುವುದು ತಮ್ಮನ ಮನೆಯಲ್ಲೇ. ಬೆಳಿಗ್ಗೆ ಒಂದೇ ಒಲೆಯ ಮುಂದೆ ಕೂತು ಕಾಫಿ ಕುಡಿದು ಇಬ್ಬರೂ ಹೊರಡುತ್ತಿದ್ದೆವು. ಮೇಲೆ ಎದುರುಬದುರಾದರೆ ಗುರುತೇ ಇಲ್ಲದವರ ಹಾಗೆ ಮುಖ ತಿರುಗಿಸಿಕೊಳ್ಳುತ್ತಿದ್ದೆವು. ಹಾರ್ನು ಹೊಡೆಯುವವನು ನನ್ನ ಒಡಹುಟ್ಟಿದವನು ಎಂದು ನನ್ನ ಹಿಂದೆ ಬಂದವರಿಗೆ ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು?

ನಡೆಯುವವರು ಬರುವುದು ನಿಶ್ಶಬ್ದ ಬೇಕು ಎಂದು. ಬಂದವರು ಆ ನಿಶ್ಶಬ್ದದ ಬಗ್ಗೆ ದಾರಿಯುದ್ದಕ್ಕೂ ಮಾತಾಡುತ್ತಾರೆ, ಅದು ಬೇರೆ ವಿಷಯ. ಜೀಪು ಬಂದರೆ ಧೂಳು, ಡೀಸೆಲ್ ಹೊಗೆ, ಮೇಲಿಂದ ಹಾಡು. ಜೀಪನ್ನು ನಾನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೇನೆ ಎನ್ನುವ ಹಾಗೆ ನನ್ನ ಮುಖ ನೋಡುತ್ತಿದ್ದರು. ಜೀಪಿನಲ್ಲಿ ಕೂತವರಿಗೆ ಇನ್ನೊಂದು ಸಿಟ್ಟು: ಇವರು ಬೇಕೆಂದೇ ದಾರಿಗೆ ಅಡ್ಡ ನಿಲ್ಲುತ್ತಾರೆ, ಗುಡ್ಡ ಏನು ಇವರಪ್ಪನದಾ ಎಂದು. ಅವರ ಮಾತಿನಲ್ಲೂ ಹುರುಳಿತ್ತು. ಒಮ್ಮೆ ತಮ್ಮನ ಜೀಪಿನಿಂದ ಒಬ್ಬರು ಮುದುಕಿ ಇಳಿದು, ಕೋಲೂರಿಕೊಂಡು ಗಾಳಿಗೆ ಮುಖ ಕೊಟ್ಟು ನಿಂತು ಸುಮ್ಮನೆ ನಗುತ್ತಿದ್ದರು. ಅವರನ್ನು ನೋಡಿದ ಮೇಲೆ ಜೀಪನ್ನು ಮನಸಾರೆ ಬೈಯುವುದಕ್ಕೂ ನನ್ನಿಂದ ಆಗಲಿಲ್ಲ.

ಜಗಳ ಬಿಡಿಸಿ ಬಿಡಿಸಿ ಸಾಕಾಗಿ ಹೋಗಿತ್ತು. ಹೋದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಾನೊಂದು ಉಪಾಯ ಮಾಡಿದೆ. ಕಾಡು ಮುಗಿಯುವ ಕಡೆ ಬಲಕ್ಕೆ ತಿರುಗಿದರೆ ಗುಡ್ಡದ ಭುಜದ ಮೇಲೆ ಹುಲ್ಲಿನಲ್ಲೇ ತುದಿಗೆ ಹೋಗಬಹುದು, ಜೀಪಿನ ಸದ್ದು ಆ ಕಡೆ ಕೇಳಿಸುವುದಿಲ್ಲ. ಹುಲ್ಲಿಗೆ ಇಳಿಯಬಾರದು ಎನ್ನುವುದು ಗೊತ್ತಿತ್ತು. ಹತ್ತು ಜನ ಸದ್ದಿಲ್ಲದೆ ನಡೆದುಹೋದರೆ ಹುಲ್ಲಿಗೇನು ಆಗುತ್ತದೆ ಎಂದುಕೊಂಡೆ. ಮಂಜು ಬಿದ್ದಾಗ ದಾರಿ ತಪ್ಪಬಾರದಲ್ಲ, ಅದಕ್ಕೆ ಕಾಫಿ ಗಿಡಕ್ಕೆ ಬೋರ್ಡೋ ಔಷಧಿ ಹೊಡೆದು ಉಳಿದಿದ್ದ ಸುಣ್ಣವನ್ನು ಡಬ್ಬಿಯಲ್ಲಿ ಕಲಸಿಕೊಂಡು ಹೋಗಿ ಅಲ್ಲಲ್ಲಿ ಕಲ್ಲಿಗೆ ಬಳಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನಾಲ್ಕು ವಾರ ಹಾಗೇ ನಡೆಯಿತು. ಬಂದವರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು.

ಐದನೆಯ ವಾರ ಮಂಜು ಕವಿದಿತ್ತು, ಮುಂದೆ ಹೋಗುವವರ ಚೀಲ ಕೂಡ ಕಾಣುತ್ತಿರಲಿಲ್ಲ. ಆ ಭುಜದ ಮೇಲೆ ಹೋಗುತ್ತಿದ್ದಾಗ ಹಿಂದೆ ಇಂಜಿನ್ನಿನ ಸದ್ದು ಕೇಳಿತು. ನಾನು ನಂಬಲಿಲ್ಲ. ನೋಡುತ್ತಿದ್ದ ಹಾಗೆ ಎರಡು ದೀಪ ಕಂಡು ನಮ್ಮವರೆಲ್ಲ ಬದಿಗೆ ಹಾರಿದರು. ಜೀಪು ಬ್ರೇಕು ಹಾಕಿದ ಕೂಡಲೇ ಜಾರಿತು, ಒದ್ದೆ ನೆಲದಲ್ಲಿ ಚಕ್ರ ಗರಗರ ತಿರುಗಿ ಹುಲ್ಲನ್ನು ಬೇರು ಸಮೇತ ಚಾಪೆ ಸುತ್ತಿದ ಹಾಗೆ ಸುತ್ತಿ ಹಾಕಿತು. ಯಾರಿಗೂ ಪೆಟ್ಟಾಗಲಿಲ್ಲ. ಜೀಪಿನವರೂ ನಮ್ಮವರೂ ಇಂಗ್ಲಿಷಿನಲ್ಲಿ ಬೈದಾಡತೊಡಗಿದರು. ಎರಡೂ ಕಡೆಯವರು ಬೆಂಗಳೂರಿನವರೇ, ಅಲ್ಲೇ ಬೈದುಕೊಂಡಿದ್ದರೆ ನಮಗಾದರೂ ನೆಮ್ಮದಿ ಇರುತ್ತಿತ್ತು. ನಮ್ಮ ಗುಂಪಿನ ಒಬ್ಬರು ಮೊಬೈಲು ಹಿಡಿದು ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತಿದ್ದರು.

ಡ್ರೈವರ್ ಸೀಟಿನಿಂದ ಇಳಿದದ್ದು ನನ್ನ ತಮ್ಮ. ಹತ್ತಿರ ಬಂದು ಮೆಲ್ಲಗೆ ಕೇಳಿದ:

“ಇದು ಹೊಸ ರೋಡಲ್ವನಕ್ಕಾ? ಕಲ್ಲಿಗೆಲ್ಲ ಸುಣ್ಣ ಬಳ್ದಿದಾರಲ್ಲ.”

ನಾವಿಬ್ಬರೂ ಹುಟ್ಟಿ ಬೆಳೆದದ್ದು ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ. ಎಸ್ಟೇಟಿನಲ್ಲಿ ಹೊಸ ಜೀಪ್ ರಸ್ತೆ ಕಡಿಸುವ ಮುಂಚೆ ಕೂಲಿಯ ಲೆಕ್ಕ ಬರೆಯುವ ರೈಟರು ಮುಂದೆ ಮುಂದೆ ನಡೆದು ಕಲ್ಲು ತೋರಿಸುತ್ತಾರೆ, ಹಿಂದಿನಿಂದ ಹೆಂಗಸರು ಸುಣ್ಣ ಬಳಿಯುತ್ತ ಹೋಗುತ್ತಾರೆ. ಮರುದಿನ ಗಂಡಸರು ಗುದ್ದಲಿ ಹಿಡಿದುಕೊಂಡು ಆ ಗುರುತಿನ ಮೇಲೇ ಬರುತ್ತಾರೆ. ಅಮ್ಮನ ಜೊತೆ ನಾನೂ ಎಷ್ಟೋ ವರ್ಷ ಆ ಸುಣ್ಣ ಬಳಿದವಳು. ನಮ್ಮ ಕಡೆಯ ಡ್ರೈವರಿಗೆ ಸಾಲಾಗಿ ಸುಣ್ಣದ ಕಲ್ಲು ಕಂಡರೆ ಅದು ರಸ್ತೆ ಎಂದೇ ಅರ್ಥ, ಇನ್ನೇನೂ ಅರ್ಥವಿಲ್ಲ. ಇದು ನನಗೆ ಮಾತ್ರ ಹೇಗೆ ಹೊಳೆಯದೇ ಹೋಯಿತೋ ಗೊತ್ತಿಲ್ಲ. ಹೊಳೆದಿದ್ದರೂ ಬಳಿಯುತ್ತಿದ್ದೆನೇನೋ, ಅಷ್ಟು ಬೇಸತ್ತಿದ್ದೆ. ನಮ್ಮವರನ್ನು ಕರೆದುಕೊಂಡು ಹಳೆಯ ದಾರಿಯ ಕಡೆ ಇಳಿದುಬಿಟ್ಟೆ.

ಸಂಜೆಯೊಳಗೆ ಆ ವಿಡಿಯೋ ಊರಿನ ಎಲ್ಲ ಮೊಬೈಲಿಗೂ ಬಂದಿತ್ತು. ಮರುದಿನ ಫಾರೆಸ್ಟರ್ ಬಂದು ತಮ್ಮನನ್ನು ಗುಡ್ಡಕ್ಕೆ ಕರೆದೊಯ್ದು ಮಹಜರು ಬರೆದುಕೊಂಡರು, ಜೀಪನ್ನು ರೇಂಜ್ ಆಫೀಸಿನ ಅಂಗಳಕ್ಕೆ ಒಯ್ದರು. ಹುಲ್ಲಿನ ಮೇಲೆ ಓಡಿಸಿದ್ದು ಒಂದು ತಪ್ಪು. ಅದಕ್ಕೆ ಬೈದು, ದಂಡ ಹಾಕಿ ಬಿಡುತ್ತಿದ್ದರು. ಆದರೆ ಸುಣ್ಣದ ಗುರುತು ನೋಡಿದ ಮೇಲೆ, ಇವನೇ ಕಾಡಿನಲ್ಲಿ ಕಳ್ಳರಸ್ತೆ ಮಾಡಲು ಹೊರಟಿದ್ದ ಎಂದು ಬರೆದರು. ನಾವು ನಡೆಯುವವರು ಮಂಜಿನಲ್ಲಿ ದಾರಿ ತಪ್ಪಿ ಹುಲ್ಲಿಗೆ ಬಂದಿರಬೇಕು ಎಂದು ಅವರೇ ಅಂದುಕೊಂಡರು. ಹಾಗೆ ಕೇಸಾದರೆ ಜೀಪು ವಾಪಸು ಬರುವುದು ಕನಸಿನ ಮಾತು ಎಂದು ಗೊತ್ತಿದ್ದವರೆಲ್ಲ ಹೇಳಿದರು. ತಮ್ಮನಿಗೆ ಆ ಜೀಪು ಬಿಟ್ಟರೆ ಬೇರೆ ಅನ್ನದ ದಾರಿ ಇಲ್ಲ.

ಹನ್ನೊಂದು ದಿನ ನಾನು ಬಾಯಿ ಬಿಡಲಿಲ್ಲ. ತಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದ, ಅವನ ಹೆಂಡತಿ ನನಗೆ ಎಂದಿನ ಹಾಗೆ ರೊಟ್ಟಿ ಹಾಕಿ ಕೊಡುತ್ತಿದ್ದಳು, ನಾನು ತಿಂದು ಗುಡ್ಡಕ್ಕೆ ಹೋಗುತ್ತಿದ್ದೆ. ಕೇಸು ಮುಗಿಯುವವರೆಗೆ ಗುಡ್ಡಕ್ಕೆ ಯಾವ ಜೀಪನ್ನೂ ಇಲಾಖೆಯವರು ಬಿಡುತ್ತಿರಲಿಲ್ಲ. ಹಳೆಯ ಮಣ್ಣಿನ ದಾರಿಯಲ್ಲೇ ಆರಾಮವಾಗಿ ನಡೆಯುತ್ತಿದ್ದೆವು, ಹಕ್ಕಿಯ ಕೂಗು ಕೂಡ ಕೇಳಿಸುತ್ತಿತ್ತು. ಆ ಸದ್ದಿಲ್ಲದ ಗುಡ್ಡ ನನಗೆ ಹಿತವಾಗಿತ್ತು. ಇದನ್ನು ಹೇಳದೆ ಬಿಟ್ಟರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಹನ್ನೆರಡನೆಯ ದಿನ ನನ್ನನ್ನೂ ತಮ್ಮನನ್ನೂ ರೇಂಜ್ ಆಫೀಸಿಗೆ ಕರೆಸಿದರು. ನಾನು ಸಾಕ್ಷಿಯಂತೆ. ಹೇಳಿಕೆಯನ್ನು ಮೊದಲೇ ಬರೆದಿಟ್ಟಿದ್ದರು, ಸಹಿ ಹಾಕುವುದೊಂದೇ ಬಾಕಿ. ಸದರಿ ಜೀಪಿನ ಚಾಲಕನು ಹೊಸ ರಸ್ತೆ ನಿರ್ಮಿಸುವ ಉದ್ದೇಶದಿಂದ ಕಲ್ಲುಗಳಿಗೆ ಸುಣ್ಣ ಬಳಿದಿರುವುದನ್ನು ನಾನು ಕಂಡಿರುತ್ತೇನೆ ಎಂದಿತ್ತು. ಆ ಸಾಲನ್ನು ಎರಡು ಸಲ ಓದಿದೆ. ತಮ್ಮ ಕಿಟಕಿಯ ಹತ್ತಿರ ನಿಂತು ಹೊರಗಿದ್ದ ತನ್ನ ಜೀಪನ್ನು ನೋಡುತ್ತಿದ್ದ. ಕೆಸರು ಒಣಗಿ ಅದರ ಬಣ್ಣವೇ ಕಾಣುತ್ತಿರಲಿಲ್ಲ.

“ಸಾರ್, ಆ ಸುಣ್ಣ ಬಳ್ದದ್ದು ನಾನು,” ಎಂದೆ.

ರೇಂಜರ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಷ್ಟು ದಿನ ಎಲ್ಲಿ ಹೋಗಿದ್ದಿರಮ್ಮ ಎಂದು ಕೇಳಿದರು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಹಳೆಯ ಹೇಳಿಕೆ ಹರಿದು ಹೊಸದು ಬರೆಸಿದರು. ತಮ್ಮನಿಗೆ ಸಣ್ಣದೊಂದು ದಂಡ ಹಾಕಿ, ಇನ್ನೊಮ್ಮೆ ದಾರಿ ಬಿಟ್ಟರೆ ನೋಡಿ ಎಂದು ಹೇಳಿ ಬೀಗದ ಕೈ ಕೊಟ್ಟರು. ನನ್ನ ಪಾಸು ರದ್ದಾಯಿತು. ಕೊರಳಿನಿಂದ ತೆಗೆಯುವಾಗ ಅದರ ದಾರ ಕೂದಲಿಗೆ ಸಿಕ್ಕಿಕೊಂಡಿತು, ತಮ್ಮನೇ ಬಂದು ಬಿಡಿಸಿದ.

ವಾಪಸು ಅವನ ಜೀಪಿನಲ್ಲೇ ಬಂದೆವು. ಅವನು ಬೈಯಲಿ ಎಂದು ಕಾದೆ. ಕೊನೆಗೆ ನಾನೇ, ನಾನು ಬಳಿದದ್ದು ಎಂದು ಕೇಳಿ ನಿನಗೆ ಆಶ್ಚರ್ಯವಾಗಲಿಲ್ಲವಾ ಎಂದೆ.

“ಮಹಜರಿನ ದಿನಾನೇ ಗೊತ್ತಾತು. ಅವತ್ತು ಮಂಜಿರ್ಲಿಲ್ಲ. ಎಡಗೈಲಿ ಬಳ್ದಿದ್ದು ಗೀರು ವಾಲಿದ್ದು ನೋಡಿದ್ರೆ ತಿಳೀತದೆ. ನಮ್ಮ ಕಡೆ ಎಡಗೈಲಿ ಸುಣ್ಣ ಬಳಿಯೋರು ನೀನೊಬ್ಳೆ.”

“ಮತ್ತೆ ಎಂತಕ್ಕೆ ಸುಮ್ನಿದ್ದೆ ಮಾರಾಯ? ಹೇಳಿದ್ರೆ ಅವತ್ತೇ ಜೀಪ್ ಬಿಡ್ತಿದ್ರಲ್ಲ.”

“ಹೇಳಿದ್ರೆ ನಿನ್ನ ಪಾಸ್ ಹೋಗ್ತಿತ್ತಲ್ಲಕ್ಕ.”

ಅಷ್ಟು ಹೇಳಿ ಅವನು ತಿರುವಿನಲ್ಲಿ ಗೇರು ಬದಲಾಯಿಸಿದ. ನನಗೆ ಅಳು ಬಂತು, ಅವನಿಗೆ ಕಾಣಬಾರದು ಎಂದು ಆ ಕಡೆಯ ತೋಟ ನೋಡುತ್ತ ಕೂತೆ. ಅದೇ ಹನ್ನೊಂದು ದಿನ ನಾನೂ ಸುಮ್ಮನಿದ್ದೆ. ಯಾಕೆ ಎಂದು ಅವನು ಕೇಳುತ್ತಾನೆ ಎಂದು ಮನೆಯವರೆಗೂ ಹೆದರಿಕೊಂಡೇ ಬಂದೆ, ಅವನು ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.